ಯಾವುದಕ್ಕಿಂತ ಹೆಚ್ಚು? - ಕೇನ್ಸ್ ಕರೆನ್ಸಿ ಆಡಿದ ಕತೆ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಸ್ವಲ್ಪ ಲೆಕ್ಕ ಇದೆ, ಆದರೆ ಹೆದರಬೇಡಿ, ಕೂಡುವುದು ಕಳೆಯುವುದಕ್ಕಿಂತ ಹೆಚ್ಚಿನದೇನೂ ಇಲ್ಲ.

ಬೆಂಗಳೂರಿನ ರಿಂಗ್ ರೋಡಿನ ಪಕ್ಕದ ಒಂದು ಕಂಪನಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಕೆಲಸ ಏನಪ್ಪಾ ಅಂದರೆ, ಹೊರದೇಶದ ಪೆನ್ಷನ್ ಫಂಡುಗಳ ದುಡ್ಡನ್ನು ಅವರು ನೇಮಿಸಿಕೊಂಡ ಮ್ಯಾನೇಜರುಗಳು ಹೇಗೆ ಬೆಳೆಸಿದ್ದಾರೆ (ಅಥವಾ ಕರಗಿಸಿದ್ದಾರೆ) ಅಂತ ತಿಂಗಳಿಗೊಮ್ಮೆ ವರದಿ ತಯಾರಿಸುವುದು. ಮೊದಲು ಷೇರಿನವರ ಪುಟಗಳು, ಆಮೇಲೆ ಬಾಂಡಿನವರದು, ಕಟ್ಟಕಡೆಗೆ ಒಂದೇ ಒಂದು ಪುಟ ಕರೆನ್ಸಿಯವರದು. ಡಾಲರ್ ಕೊಂಡು ಯೆನ್ ಮಾರಿ, ಯುರೋ ಮಾರಿ ಪೌಂಡ್ ಕೊಂಡು ಲಾಭ ಮಾಡಿಕೊಡುತ್ತೇವೆ ಅನ್ನುವವರು. ಪ್ರತಿ ಸಾಲಿನಲ್ಲೂ ಎರಡು ಮುಖ್ಯ ಅಂಕಿ. ಒಂದು ಮ್ಯಾನೇಜರ್ ಗಳಿಸಿದ್ದು. ಇನ್ನೊಂದು ಬೆಂಚ್‌ಮಾರ್ಕ್, ಅಂದರೆ ಏನೂ ತಲೆ ಓಡಿಸದೆ ಸುಮ್ಮನಿದ್ದವನಿಗೂ ಸಿಗುತ್ತಿದ್ದದ್ದು. ಎರಡರ ನಡುವಿನ ವ್ಯತ್ಯಾಸವೇ ಮ್ಯಾನೇಜರನ ಜಾಣತನ.

ಕರೆನ್ಸಿ ಪುಟದಲ್ಲಿ ಮಾತ್ರ ಬೆಂಚ್‌ಮಾರ್ಕ್ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ಬರೀ ಸೊನ್ನೆ.

ಸೇರಿದ ಹೊಸತರಲ್ಲಿ ಡೇಟಾ ಬಂದಿಲ್ಲವೇನೋ ಅಂದುಕೊಂಡು ಸೀನಿಯರ್ ಒಬ್ಬರನ್ನು ಕೇಳಿದ್ದೆ. ಅವರು ನಕ್ಕು, "ಷೇರಿಗೆ ಸೆನ್ಸೆಕ್ಸ್ ಇದೆ, ಕರೆನ್ಸಿಗೆ ಎಲ್ಲಿಂದ ತರ್ತೀಯಾ ಮಾರಾಯ" ಅಂದಿದ್ದರು. ಅವರ ಮಾತು ಸುಳ್ಳಲ್ಲ. ದೇಶದ ಎಲ್ಲ ದೊಡ್ಡ ಕಂಪನಿಗಳ ಷೇರನ್ನೂ ಒಂದಿಷ್ಟು ಕೊಂಡು ಕೂತರೆ ಕಂಪನಿಗಳು ದುಡಿದಂತೆ ನಮಗೂ ಏನಾದರೂ ಬರುತ್ತದೆ. ಕರೆನ್ಸಿ ಹಾಗಲ್ಲ. ಡಾಲರ್ ಏರಿತು ಅಂದರೆ ಅದರ ಎದುರಿಗಿರುವ ಇನ್ನೊಂದು ಇಳಿಯಿತು ಅಂತಲೇ ಅರ್ಥ. ಒಬ್ಬ ಗಳಿಸಿದ್ದು ಇನ್ನೊಬ್ಬ ಕಳೆದುಕೊಂಡದ್ದು. ಹಾಗಾಗಿ ಸುಮ್ಮನಿದ್ದವನಿಗೆ ಸಿಗುವುದು ಸೊನ್ನೆ, ಸೊನ್ನೆಗಿಂತ ಮೇಲೆ ಬಂದದ್ದೆಲ್ಲ ಜಾಣತನ. ಕೇಳುವುದಕ್ಕೆ ಸರಿಯಾಗಿಯೇ ಇದೆ ಅಲ್ಲವೇ? ನನಗೂ ಹಾಗೇ ಅನ್ನಿಸಿ ಸುಮಾರು ವರ್ಷ ಸೊನ್ನೆ ತುಂಬಿಸಿದೆ.

ಊರಲ್ಲಿ ನಮ್ಮದು ಅಡಿಕೆ ತೋಟ. 90ರ ದಶಕದ ಕೊನೆಯಲ್ಲಿ ಅಡಿಕೆಗೆ ಚಿನ್ನದ ಧಾರಣೆ ಬಂದಿದ್ದು ಮಲೆನಾಡಿನವರಿಗೆಲ್ಲ ನೆನಪಿರುತ್ತದೆ. ಆಗ ನಮ್ಮ ಕೇರಿಯಲ್ಲಿ ಒಬ್ಬೊಬ್ಬರೂ ವ್ಯವಹಾರ ಬಲ್ಲವರೇ. ಯಾವಾಗ ಮಂಡಿಗೆ ಹಾಕಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಪಾಠ ಹೇಳುವವರೇ. ಅಪ್ಪ ಮಾತ್ರ "ಧಾರಣೆ ಏರಿದ ವರ್ಷ ಸೋಮಾರಿಯೂ ಜಾಣನೇ" ಅನ್ನುತ್ತಿದ್ದ. ಆ ಮಾತನ್ನು ಆಫೀಸಿನ ಪುಟದ ಜೊತೆ ಸೇರಿಸಿ ನೋಡಬೇಕು ಅಂತ ನನಗೆ ಬಹಳ ಕಾಲ ಹೊಳೆಯಲೇ ಇಲ್ಲ.

ಹೊಳೆದದ್ದು ಕೇನ್ಸ್‌ನಿಂದ. ಹೌದು, ಅದೇ ಜಾನ್ ಮೇನಾರ್ಡ್ ಕೇನ್ಸ್, ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬರುವ ಮೀಸೆಯ ಮನುಷ್ಯ. ಆತ ತನ್ನ ಕೈಯಾರೆ ಕರೆನ್ಸಿ ಆಡಿದ, ಬೇರೆಯವರ ದುಡ್ಡನ್ನೂ ಸೇರಿಸಿ ಆಡಿದ, ಒಮ್ಮೆ ಪೂರ್ತಿ ಮುಳುಗಿಯೂ ಹೋದ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಕೇನ್ಸ್‌ಗೂ ನಮ್ಮ ರೂಪಾಯಿಗೂ ಹಳೆಯ ನಂಟು. 1906ರಿಂದ 1908ರವರೆಗೆ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿದವನು. 1913ರಲ್ಲಿ ಬಂದ ಅವನ ಮೊದಲ ಪುಸ್ತಕವೇ ಭಾರತದ ಹಣದ ವ್ಯವಸ್ಥೆಯ ಬಗ್ಗೆ (ಭಾರತಕ್ಕೆ ಒಂದು ಸಲವೂ ಬರದೆ ಬರೆದದ್ದು!). ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಖಜಾನೆಯಲ್ಲಿ ದೊಡ್ಡ ಹುದ್ದೆ. 1919ರಲ್ಲಿ ಜರ್ಮನಿಯ ಮೇಲೆ ಹೇರುತ್ತಿದ್ದ ಪರಿಹಾರದ ಹೊರೆ ಕಂಡು ಬೇಸತ್ತು, ಜೂನ್‌ನಲ್ಲಿ ರಾಜೀನಾಮೆ ಬಿಸಾಕಿ ಬಂದ. ವರ್ಷದ ಕೊನೆಗೆ ಆ ಒಪ್ಪಂದವನ್ನು ಹಿಗ್ಗಾಮುಗ್ಗಾ ಬೈದು ಬರೆದ ಪುಸ್ತಕ ಹೊರಬಂದು, ಬಿಸಿ ದೋಸೆಯಂತೆ ಖರ್ಚಾಯಿತು. ಯುರೋಪಿನ ಹಣಕಾಸಿನ ಒಳಗುಟ್ಟು ಅವನಷ್ಟು ಬಲ್ಲವರು ಆಗ ಭೂಮಿಯ ಮೇಲೆ ಹತ್ತು ಜನ ಇದ್ದಿದ್ದರೆ ಹೆಚ್ಚು.

ಅದೇ 1919ರ ಮಾರ್ಚ್‌ನಲ್ಲಿ ಪೌಂಡನ್ನು ಡಾಲರಿಗೆ ಕಟ್ಟಿಹಾಕಿದ್ದ ಹಗ್ಗವನ್ನು ಬ್ರಿಟಿಷ್ ಸರ್ಕಾರ ಬಿಚ್ಚಿತ್ತು. ಕರೆನ್ಸಿಗಳೆಲ್ಲ ದಿನದಿನಕ್ಕೂ ಮೇಲೆ ಕೆಳಗೆ ಆಡತೊಡಗಿದವು. ಲಂಡನ್ನಿನಲ್ಲಿ ಫಾರ್ವರ್ಡ್ ವ್ಯಾಪಾರ ಕುದುರಿತು. ಅಂದರೆ, ಇನ್ನು ಒಂದು ತಿಂಗಳಿಗೋ ಮೂರು ತಿಂಗಳಿಗೋ ಇಷ್ಟು ಫ್ರಾಂಕನ್ನು ಈ ದರಕ್ಕೆ ಕೊಡುತ್ತೇನೆ ಅಂತ ಇವತ್ತೇ ಮಾತು ಕೊಡುವುದು. ಕೈಯಲ್ಲಿ ಫ್ರಾಂಕ್ ಇರಬೇಕಾಗಿಲ್ಲ. ಪೂರ್ತಿ ದುಡ್ಡೂ ಬೇಡ, ಒಂದು ಪಾಲು ಮುಂಗಡ ಇಟ್ಟರೆ ಸಾಕು. ಹತ್ತು ಪೌಂಡ್ ಇಟ್ಟು ನೂರು ಪೌಂಡಿನ ವ್ಯವಹಾರ ಮಾಡಿದವನಿಗೆ ದರ ನೂರಕ್ಕೆ ಹತ್ತು ಅನುಕೂಲವಾಗಿ ತಿರುಗಿದರೆ ದುಡ್ಡು ಎರಡರಷ್ಟು. ಎದುರು ತಿರುಗಿದರೆ ಎಲ್ಲವೂ ನೀರುಪಾಲು.

ಕೇನ್ಸ್ ಆ ವರ್ಷದ ಆಗಸ್ಟ್ ಹೊತ್ತಿಗೆ ಇದರೊಳಗೆ ಇಳಿದ. ಅವನ ಲೆಕ್ಕಾಚಾರ ನೇರ. ಯುದ್ಧದಲ್ಲಿ ಸವೆದುಹೋದ ಫ್ರಾನ್ಸ್, ಇಟಲಿ, ಜರ್ಮನಿಯ ಕರೆನ್ಸಿಗಳು ಬೀಳಲೇಬೇಕು, ಡಾಲರ್ ಏರಬೇಕು. ಅದಕ್ಕೆ ತಕ್ಕಂತೆ ಫ್ರಾಂಕ್, ಲಿರಾ, ಮಾರ್ಕ್ ಮಾರಿದ, ಡಾಲರ್ ಕೊಂಡ. ವರ್ಷ ಮುಗಿಯುವಷ್ಟರಲ್ಲಿ ಸುಮಾರು 6,000 ಪೌಂಡ್ ಲಾಭ. 1920ರ ಜನವರಿಯಲ್ಲಿ ಆಸ್ವಾಲ್ಡ್ ಫಾಕ್ ಅನ್ನುವ ಗೆಳೆಯನೊಡನೆ ಸೇರಿ ಒಂದು ಕೂಟವನ್ನೇ ಕಟ್ಟಿದ. ಮನೆಯವರು, ಗೆಳೆಯರು ದುಡ್ಡು ಹಾಕಿದರು. ಅವರಲ್ಲಿ ಚಿತ್ರ ಬರೆದುಕೊಂಡಿದ್ದ ಡಂಕನ್ ಗ್ರಾಂಟ್ ಮತ್ತು ವನೆಸಾ ಬೆಲ್ ಇದ್ದರು. ಫಾರ್ವರ್ಡ್ ಅಂದರೇನು ಅಂತ ತಲೆ ಕೆಡಿಸಿಕೊಳ್ಳುವ ಜಾತಿಯವರಲ್ಲ. ಮೇನಾರ್ಡ್ ಹೇಳಿದ್ದಾನೆ, ಸಾಕು. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ ಅದೊಂದು ಕರೆನ್ಸಿ ಫಂಡು, ಕೇನ್ಸ್ ಅದರ ಮ್ಯಾನೇಜರ್.

ಏಪ್ರಿಲ್‌ವರೆಗೆ ಲಾಭ. ಆಮೇಲೆ ಬಂತು ನೋಡಿ ಮೇ ತಿಂಗಳು.

ಜರ್ಮನಿಯ ಮಾರ್ಕನ್ನೇ ತೆಗೆದುಕೊಳ್ಳಿ. 1920ರ ಫೆಬ್ರವರಿಯಲ್ಲಿ ಒಂದು ಡಾಲರಿಗೆ ಸುಮಾರು ನೂರು ಮಾರ್ಕ್ ಸಿಗುತ್ತಿತ್ತು. ಜೂನ್ ಹೊತ್ತಿಗೆ ಸಿಗುತ್ತಿದ್ದದ್ದು ನಲವತ್ತರ ಆಸುಪಾಸು! ಬೀಳಬೇಕಿದ್ದ ಮಾರ್ಕ್ ಎರಡೂವರೆ ಪಟ್ಟು ಬಲಿತಿತ್ತು. ಫ್ರಾಂಕ್, ಲಿರಾ ಕೂಡ ಅದೇ ದಾರಿ ಹಿಡಿದವು. ನಾಲ್ಕು ತಿಂಗಳ ಲಾಭ ಕೆಲವೇ ವಾರಗಳಲ್ಲಿ ಹೋಯಿತು, ಅಸಲೂ ಹೋಯಿತು, ಕೂಟವನ್ನು ಮುಚ್ಚಬೇಕಾಯಿತು. ಖಾತೆ ಉಳಿಯಬೇಕಾದರೆ 7,000 ಪೌಂಡ್ ತಂದು ಇಡಿ ಅಂತ ದಲ್ಲಾಳಿಗಳು ಕೂತರು. ಸರ್ ಅರ್ನೆಸ್ಟ್ ಕ್ಯಾಸೆಲ್ ಅನ್ನುವ ಭಾರೀ ಸಾಹುಕಾರ 5,000 ಪೌಂಡ್ ಸಾಲ ಕೊಟ್ಟ. ಪುಸ್ತಕದ ಬಾಬ್ತು ಪ್ರಕಾಶಕರಿಂದ 1,500 ಪೌಂಡ್ ಸಿಕ್ಕಿತು. ಅಂತೂ ಕೇನ್ಸ್ ಬಚಾವಾದ.

ಬಚಾವಾದವನು ಏನು ಮಾಡಿದ? ಮತ್ತೆ ಅದೇ ಬಾಜಿ. ಫ್ರಾಂಕ್ ಬೀಳುತ್ತದೆ, ಮಾರ್ಕ್ ಬೀಳುತ್ತದೆ. ಈ ಸಲ ಬಿದ್ದವು. ಮಾರ್ಕಿನ ಕತೆಯಂತೂ ಎಲ್ಲರಿಗೂ ಗೊತ್ತು, 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. 1922ರ ಕೊನೆಗೆ ಕೇನ್ಸ್ ಎಲ್ಲ ಸಾಲ ತೀರಿಸಿದ್ದ. ಗೆಳೆಯರು ಕಳೆದುಕೊಂಡದ್ದನ್ನೂ ತನ್ನದೇ ಸಾಲ ಅಂದುಕೊಂಡು ಮರಳಿಸಿದ. ಅದಾದ ಮೇಲೂ ಅವನ ಕೈಯಲ್ಲಿ ಸುಮಾರು 21,000 ಪೌಂಡ್ ಉಳಿದಿತ್ತು.

ಈಗ ಹೇಳಿ, ಈ ಮನುಷ್ಯ ಒಳ್ಳೆಯ ಕರೆನ್ಸಿ ಮ್ಯಾನೇಜರೋ ಅಲ್ಲವೋ? 1920ರ ಏಪ್ರಿಲ್‌ನಲ್ಲಿ ಕೇಳಿದ್ದರೆ ಮೇಧಾವಿ. ಮೇ ತಿಂಗಳ ಕೊನೆಗೆ ಕೇಳಿದ್ದರೆ ಗೆಳೆಯರ ಮನೆ ಮುಳುಗಿಸಿದವನು. 1922ರಲ್ಲಿ ಮತ್ತೆ ಮೇಧಾವಿ. ತಲೆ ಅದೇ, ಅಭಿಪ್ರಾಯವೂ ಅದೇ. ನಡುವೆ ಇದ್ದದ್ದು ಕ್ಯಾಸೆಲ್‌ನ 5,000 ಪೌಂಡ್ ಮಾತ್ರ.

ಇಲ್ಲೇ ಒಂದು ಸಣ್ಣ ಅಡ್ಡಮಾತು. ಅದೇ 1920ರಲ್ಲಿ ನಮ್ಮ ಭಾರತದ ಬ್ರಿಟಿಷ್ ಸರ್ಕಾರವೂ ಕರೆನ್ಸಿ ಆಟದಲ್ಲಿತ್ತು. ಬೆಳ್ಳಿಯ ಬೆಲೆ ಏರಿದ್ದರಿಂದ ರೂಪಾಯಿಯೂ ಏರಿತ್ತು. ಅದನ್ನು ಚಿನ್ನದ ಲೆಕ್ಕದಲ್ಲಿ 2 ಶಿಲಿಂಗಿಗೆ ನಿಲ್ಲಿಸಬೇಕು ಅಂತ ಬಾಬಿಂಗ್ಟನ್ ಸ್ಮಿತ್ ಸಮಿತಿ ಹೇಳಿತು. ಬೇಡ ಅಂದವರು ಒಬ್ಬರೇ, ದಾದಿಬಾ ಮೆರ್ವಾಂಜಿ ದಲಾಲ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದರ ಹಿಡಿದಿಡಲು ಸರ್ಕಾರ ಲಂಡನ್ನಿನಲ್ಲಿದ್ದ ನಮ್ಮ ನಿಧಿಯಿಂದ ಸುಮಾರು 5.5 ಕೋಟಿ ಪೌಂಡ್ ಮಾರಿ, ಕೊನೆಗೆ ಸೆಪ್ಟೆಂಬರ್‌ನಲ್ಲಿ ಕೈಚೆಲ್ಲಿತು. 1921ರಲ್ಲಿ ರೂಪಾಯಿ 1 ಶಿಲಿಂಗ್ 4 ಪೆನ್ಸ್‌ಗಿಂತಲೂ ಕೆಳಗೆ. ಈ ಮ್ಯಾನೇಜರುಗಳಿಂದ ಗೆಳೆಯರ ಸಾಲ ಅಂತ ಯಾರೂ ಏನೂ ವಾಪಸು ಪಡೆಯಲಿಲ್ಲ. ಇರಲಿ.

ಕೇನ್ಸ್‌ನ ಕಾಗದಪತ್ರಗಳೆಲ್ಲ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಭದ್ರವಾಗಿವೆ. ಒಲಿವಿಯೆ ಅಕೊಮಿನೊಟ್ಟಿ ಮತ್ತು ಡೇವಿಡ್ ಚೇಂಬರ್ಸ್ ಎಂಬ ಇಬ್ಬರು ಸಂಶೋಧಕರು ಅವನ ಕರೆನ್ಸಿ ವ್ಯವಹಾರಗಳ ದಾಖಲೆ ಹಿಡಿದು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ಅವರು ಕೇನ್ಸ್ ಎಷ್ಟು ಗಳಿಸಿದ ಅಂತ ಕೇಳಿ ಅಲ್ಲಿಗೇ ಬಿಡಲಿಲ್ಲ. ಅದೇ ವರ್ಷಗಳಲ್ಲಿ ಏನೂ ಯೋಚನೆ ಮಾಡದ ಒಬ್ಬ ಮೊದ್ದು ಎರಡೇ ಎರಡು ನಿಯಮ ಇಟ್ಟುಕೊಂಡು ಆಡಿದ್ದರೆ ಎಷ್ಟು ಗಳಿಸುತ್ತಿದ್ದ ಅಂತಲೂ ಲೆಕ್ಕ ಹಾಕಿದರು.

ಮೊದಲ ನಿಯಮದ ಹೆಸರು ಕ್ಯಾರಿ. ಬಡ್ಡಿ ಕಡಿಮೆ ಇರುವ ದೇಶದಲ್ಲಿ ಸಾಲ ಮಾಡು, ಬಡ್ಡಿ ಹೆಚ್ಚಿರುವ ದೇಶದಲ್ಲಿ ಇಡು. ನಡುವಿನ ಬಡ್ಡಿ ನಿನ್ನದು. ಎರಡನೆಯದು ಮೊಮೆಂಟಮ್. ಇತ್ತೀಚೆಗೆ ಏರುತ್ತಿದ್ದದ್ದನ್ನು ಕೊಳ್ಳು, ಇಳಿಯುತ್ತಿದ್ದದ್ದನ್ನು ಮಾರು, ಯಾಕೆ ಅಂತ ಕೇಳಬೇಡ. ಇವೆರಡಕ್ಕೂ ವರ್ಸೇಲ್ಸ್ ಒಪ್ಪಂದ ಓದಿರಬೇಕಿಲ್ಲ, ಖಜಾನೆಯಲ್ಲಿ ಕೂತಿರಬೇಕಿಲ್ಲ.

ಫಲಿತಾಂಶ? 1920ರ ದಶಕದಲ್ಲಿ ಈ ಮೊದ್ದು ನಿಯಮಗಳು ಕೇನ್ಸ್‌ಗಿಂತ ಚೆನ್ನಾಗಿ ಗಳಿಸಿದ್ದವು. ಓದಿದಾಗ ನನಗೆ ಒಂದು ಕ್ಷಣ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಇಂಗ್ಲೆಂಡು 1931ರಲ್ಲಿ ಚಿನ್ನದ ನಂಟು ಬಿಟ್ಟ ಮೇಲೆ ಕೇನ್ಸ್ ಎರಡನೇ ಸಲ ಇದೇ ಕಣಕ್ಕೆ ಇಳಿದ. ಚಿನ್ನಕ್ಕೆ ಅಂಟಿಕೊಂಡೇ ಇದ್ದ ಫ್ರೆಂಚ್ ಫ್ರಾಂಕ್ ಮತ್ತು ಡಚ್ ಗಿಲ್ಡರ್ ಇನ್ನು ಹೆಚ್ಚು ದಿನ ನಿಲ್ಲುವುದಿಲ್ಲ ಅನ್ನುವುದು ಅವನ ಎಣಿಕೆ. ಎಣಿಕೆ ಸರಿಯೇ ಇತ್ತು, ಆದರೆ ಅವು ನೆಲ ಕಚ್ಚಿದ್ದು 1936ರ ಸೆಪ್ಟೆಂಬರ್‌ನಲ್ಲಿ. ಬೀಳುತ್ತದೆ ಅಂತ ಎಲ್ಲರೂ ಶಂಕಿಸುವ ಕರೆನ್ಸಿಯ ಫಾರ್ವರ್ಡ್ ದರ ಮೊದಲೇ ಇಳಿದಿರುತ್ತದೆ. ಹಾಗಾಗಿ ಅದು ಬೀಳದೆ ನಿಂತ ಪ್ರತಿ ತಿಂಗಳೂ ಮಾರಿ ಕಾಯುತ್ತಿರುವವನ ಜೇಬಿಗೆ ಕತ್ತರಿ. ಮೂವತ್ತರ ದಶಕದಲ್ಲಿ ಕೇನ್ಸ್‌ಗೂ ಅಷ್ಟಕ್ಕಷ್ಟೆ, ಮೊದ್ದು ನಿಯಮಗಳಿಗೂ ಅಷ್ಟಕ್ಕಷ್ಟೆ. ಆ ಸಂಶೋಧಕರ ತೀರ್ಮಾನ ಏನೆಂದರೆ, ಇಲ್ಲಿ ಸಿಕ್ಕ ಲಾಭ ಪುಕ್ಕಟೆಯದಲ್ಲ, ಹೊತ್ತುಕೊಂಡ ದೊಡ್ಡ ಅಪಾಯಕ್ಕೆ ಸಿಕ್ಕ ಕೂಲಿ.

(ಷೇರಿನಲ್ಲಿ ಮಾತ್ರ ಕೇನ್ಸ್ ಬೇರೆಯೇ ಮನುಷ್ಯ. ಕಿಂಗ್ಸ್ ಕಾಲೇಜಿನ ದುಡ್ಡನ್ನು ಅವನು ಬೆಳೆಸಿದ ಬಗೆಯನ್ನೂ ಇದೇ ಚೇಂಬರ್ಸ್, ಎಲ್ರಾಯ್ ಡಿಮ್ಸನ್ ಜೊತೆ ಸೇರಿ ಅಳೆದಿದ್ದಾರೆ. ಅಲ್ಲಿ ಅವನು ಮಾರುಕಟ್ಟೆಯನ್ನು ಚೆನ್ನಾಗಿಯೇ ಹಿಂದೆ ಹಾಕಿದ್ದಾನೆ. ಅದೂ ದೇಶ-ಬಡ್ಡಿ-ಕಾಲಚಕ್ರ ಅಂತ ಊಹಿಸುವುದನ್ನು ಬಿಟ್ಟು ಒಂದೊಂದೇ ಕಂಪನಿಯನ್ನು ತಿಳಿದು ಕೊಳ್ಳತೊಡಗಿದ ಮೇಲೆ.)

ಇಂಥ ಅಳತೆ ಕರೆನ್ಸಿಗೆ ಬರಲು ಇಷ್ಟು ತಡ ಯಾಕಾಯಿತೋ ಗೊತ್ತಾಗುವುದಿಲ್ಲ. ಷೇರು ಭವಿಷ್ಯ ಹೇಳುವವರನ್ನು ಆಲ್ಫ್ರೆಡ್ ಕೌಲ್ಸ್ 1933ರಲ್ಲೇ ತಕ್ಕಡಿಗೆ ಹಾಕಿದ್ದ. ಮೈಕೇಲ್ ಜೆನ್ಸನ್ 1968ರಲ್ಲಿ 115 ಮ್ಯೂಚುವಲ್ ಫಂಡುಗಳನ್ನು ತೂಗಿ, ಹೆಚ್ಚಿನವು ಮಾರುಕಟ್ಟೆಗಿಂತ ಮೇಲೇನೂ ಗಳಿಸಿಲ್ಲ ಅಂದ. ಆದರೆ 1973ರವರೆಗೆ ದೊಡ್ಡ ಕರೆನ್ಸಿಗಳ ದರವೆಲ್ಲ ಗೂಟಕ್ಕೆ ಕಟ್ಟಿದ್ದವು, ತೂಗುವುದಕ್ಕೆ ಮ್ಯಾನೇಜರುಗಳೇ ಇರಲಿಲ್ಲ ಅನ್ನಿ. ಗೂಟ ಕಿತ್ತ ಹತ್ತು ವರ್ಷಕ್ಕೆ, 1983ರಲ್ಲಿ, ರಿಚರ್ಡ್ ಮೀಸ್ ಮತ್ತು ಕೆನೆತ್ ರೋಗಾಫ್ ಒಂದು ಪರೀಕ್ಷೆ ಮಾಡಿದರು. ಅರ್ಥಶಾಸ್ತ್ರದ ದೊಡ್ಡ ದೊಡ್ಡ ಸೂತ್ರಗಳು ಒಂದು ವರ್ಷದೊಳಗಿನ ವಿನಿಮಯ ದರವನ್ನು, 'ನಾಳೆಯೂ ಇವತ್ತಿನ ದರವೇ ಇರುತ್ತದೆ' ಅನ್ನುವವನಿಗಿಂತ ಚೆನ್ನಾಗಿ ಹೇಳಬಲ್ಲವೇ? ಹೇಳಲಾರವು ಅಂತ ಆಯಿತು. ಅಷ್ಟಾದರೂ 80-90ರ ದಶಕಗಳಲ್ಲಿ ಕರೆನ್ಸಿ ಫಂಡುಗಳು ನಾಯಿಕೊಡೆಗಳಂತೆ ಎದ್ದವು. 1992ರ ಸೆಪ್ಟೆಂಬರ್ 16ರಂದು ಪೌಂಡ್ ಬಿದ್ದು ಜಾರ್ಜ್ ಸೋರೋಸ್ ಸುಮಾರು ನೂರು ಕೋಟಿ ಡಾಲರ್ ಗಳಿಸಿದ ಮೇಲಂತೂ ಕೇಳುವುದೇ ಬೇಡ.

ನಮ್ಮ ಆಫೀಸಿನ ಸೊನ್ನೆ ಕಾಲಂಗೆ ನೇರವಾಗಿ ಕೈ ಹಾಕಿದವರು ಮೊಮ್ಚಿಲ್ ಪೊಯಾರ್ಲಿಯೆವ್ ಮತ್ತು ರಿಚರ್ಡ್ ಲೆವಿಚ್. 2008ರಲ್ಲಿ ಪ್ರಕಟವಾದ ಅವರ ಲೇಖನದ ಶೀರ್ಷಿಕೆಯೇ ವೃತ್ತಿಪರ ಕರೆನ್ಸಿ ಮ್ಯಾನೇಜರುಗಳು ಬೆಂಚ್‌ಮಾರ್ಕನ್ನು ಸೋಲಿಸುತ್ತಾರೆಯೇ ಅನ್ನುವ ಪ್ರಶ್ನೆ. 1990ರಿಂದ 2006ರವರೆಗಿನ ಕರೆನ್ಸಿ ಮ್ಯಾನೇಜರುಗಳ ಒಂದು ಸೂಚ್ಯಂಕ ತೆಗೆದುಕೊಂಡರು. ತಿಂಗಳಿಗೆ ಸರಾಸರಿ 0.25 ಶೇಕಡಾ ಹೆಚ್ಚುವರಿ ಗಳಿಕೆ, ವರ್ಷಕ್ಕೆ ಸುಮಾರು 3. ಸೊನ್ನೆಗೆ ಹೋಲಿಸಿದರೆ ಪರವಾಗಿಲ್ಲ. ಆಮೇಲೆ ಸೊನ್ನೆಯ ಜಾಗಕ್ಕೆ ನಾಲ್ಕು ಸಾಮಾನ್ಯ ಸಂಗತಿ ಇಟ್ಟರು: ಕ್ಯಾರಿ, ಏರಿದ್ದರ ಬೆನ್ನು ಹತ್ತುವುದು, ಅಗ್ಗವಾದದ್ದನ್ನು ಕೊಳ್ಳುವುದು, ಮತ್ತು ದರಗಳು ಎಷ್ಟು ಕುಣಿಯುತ್ತಿವೆ ಅನ್ನುವುದು. ಗಳಿಕೆಯ ಏರಿಳಿತದ ಮೂರರಲ್ಲಿ ಎರಡು ಪಾಲು ಈ ನಾಲ್ಕರಲ್ಲೇ ಮುಗಿದುಹೋಯಿತು. ಜಾಣತನ ಅಂತ ಉಳಿದದ್ದು ಸರಾಸರಿಯಲ್ಲಿ ಸೊನ್ನೆಗಿಂತ ಕೆಳಗೆ. ಎಲ್ಲರೂ ಹಾಗೇ ಅಂತಲ್ಲ, ಬಿಡಿಬಿಡಿಯಾಗಿ ನೋಡಿದಾಗ ಕೆಲವರಲ್ಲಿ ನಿಜವಾದ ಕೌಶಲ ಕಂಡಿತು. ಉಳಿದವರು ಅಪ್ಪ ಹೇಳುತ್ತಿದ್ದ ಧಾರಣೆ ಏರಿದ ವರ್ಷದ ಜಾಣರು.

ಇದನ್ನು ನಾನು ಆ ವರ್ಷ ಓದಿರಲಿಲ್ಲ. ಓದಿದ್ದರೆ ಅಕ್ಟೋಬರ್ ಅರ್ಥವಾಗುತ್ತಿತ್ತು.

ನಮ್ಮ ಪುಟದಲ್ಲಿ ಒಬ್ಬ ಮ್ಯಾನೇಜರ್ ಇದ್ದ. ಹೆಸರು ಬೇಡ. ತಿಂಗಳು ತಿಂಗಳೂ ಸೊನ್ನೆಗಿಂತ ಒಂದಿಷ್ಟು ಮೇಲೆ, ಗಡಿಯಾರದ ಹಾಗೆ. ನಾವು ಅವನ ಸಾಲು ಬಂದಾಗ ಪರಿಶೀಲನೆ ಕೂಡ ಸರಿಯಾಗಿ ಮಾಡುತ್ತಿರಲಿಲ್ಲ. ಯೆನ್‌ನಲ್ಲಿ ಸಾಲ, ಆಸ್ಟ್ರೇಲಿಯಾ ಡಾಲರಿನಲ್ಲಿ ಠೇವಣಿ, ಮುಖ್ಯವಾಗಿ ಅಷ್ಟೇ ಅವನ ವಿದ್ಯೆ ಅಂತ ಈಗ ಹೇಳಬಲ್ಲೆ. 2008ರ ಜುಲೈನಲ್ಲಿ ಒಂದು ಆಸ್ಟ್ರೇಲಿಯಾ ಡಾಲರಿಗೆ ಸುಮಾರು 98 ಅಮೆರಿಕನ್ ಸೆಂಟ್ ಇತ್ತು, ಅಕ್ಟೋಬರ್ ಕೊನೆಗೆ 60ರ ಹತ್ತಿರ. ಯೆನ್ ಮಾತ್ರ ಏರುತ್ತಲೇ ಇತ್ತು. ಅವನು ವರ್ಷಗಟ್ಟಲೆ ಚಮಚದಲ್ಲಿ ತುಂಬಿದ್ದು ಬಕೆಟ್ಟಿನಲ್ಲಿ ಚೆಲ್ಲಿಹೋಯಿತು. ಅದು ಹೊರದೇಶದ ಒಂದು ಊರಿನ ಬಸ್ ಚಾಲಕರ ಪೆನ್ಷನ್ ದುಡ್ಡು. ನನಗದು ಗೊತ್ತಿತ್ತು, ಯಾಕೆಂದರೆ ವರದಿಯ ಮುಖಪುಟಕ್ಕೆ ಬಸ್ಸಿನ ಚಿತ್ರ ಅಂಟಿಸುತ್ತಿದ್ದವನು ನಾನೇ.

ಮುಂದಿನ ತ್ರೈಮಾಸಿಕಕ್ಕೆ ಆ ಖಾತೆ ಮುಚ್ಚಿತು. ಮುಚ್ಚಿದ ಖಾತೆಯ ಸಾಲನ್ನು ಪುಟದಿಂದ ತೆಗೆಯಬೇಕು ಅನ್ನುವುದು ನಿಯಮ, ತೆಗೆದೆ. ಹಳೆಯ ವರ್ಷಗಳ ಸರಾಸರಿಯನ್ನೂ ಉಳಿದವರ ಮೇಲೇ ಮತ್ತೆ ಲೆಕ್ಕ ಹಾಕಬೇಕು, ಹಾಕಿದೆ. ಒಂದು ಗುಂಡಿ ಒತ್ತಿದ್ದಷ್ಟೆ. ಕರೆನ್ಸಿ ಮ್ಯಾನೇಜರುಗಳ ಐದು ವರ್ಷದ ಸರಾಸರಿ ಹಿಂದಿನ ವರದಿಗಿಂತ ಚೆನ್ನಾಗಿ ಕಂಡಿತು. ಇದು ಸರಿಯೇ ಅಂತ ಕೇಳಿದೆ. "ಕ್ಲೈಂಟ್ ಕೊಟ್ಟ ಫಾರ್ಮ್ಯಾಟ್ ಹಾಗಿದೆ" ಅಂತ ಉತ್ತರ ಬಂತು. ಎರಡನೇ ಸಲ ನಾನು ಕೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹೀಗೆ ಸಾಲಿನಿಂದ ಮಾಯವಾದವರು ಸಣ್ಣವರಷ್ಟೇ ಅಲ್ಲ. ಜಾನ್ ಟೇಲರ್ 1981ರಲ್ಲಿ ಕಟ್ಟಿದ ಎಫ್‌ಎಕ್ಸ್ ಕಾನ್ಸೆಪ್ಟ್ಸ್ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕರೆನ್ಸಿ ಫಂಡು, ಉತ್ತುಂಗದಲ್ಲಿ ಸುಮಾರು 1,400 ಕೋಟಿ ಡಾಲರ್ ನೋಡಿಕೊಳ್ಳುತ್ತಿತ್ತು. 2013ರಲ್ಲಿ ಬಾಗಿಲು ಹಾಕಿತು. ಇವತ್ತು ಬದುಕಿರುವ ಫಂಡುಗಳನ್ನಷ್ಟೇ ಪಟ್ಟಿ ಮಾಡಿ ಕರೆನ್ಸಿಯಲ್ಲಿ ಇಷ್ಟು ಗಳಿಕೆ ಇದೆ ಅಂತ ಯಾರಾದರೂ ತೋರಿಸಿದರೆ, ಆ ಪಟ್ಟಿಯಲ್ಲಿ ಟೇಲರ್ ಇರುವುದಿಲ್ಲ. ಕ್ಯಾಸೆಲ್ ಆವತ್ತು ಆಗುವುದಿಲ್ಲ ಅಂದಿದ್ದರೆ ಕೇನ್ಸ್ ಕೂಡ ಇರುತ್ತಿರಲಿಲ್ಲ.

ಆ ಕೆಲಸ ಬಿಟ್ಟು ಈಗ ಬಹಳ ವರ್ಷವಾಯಿತು. ಕಳೆದ ತಿಂಗಳು ಹಳೆಯ ಪೆಟ್ಟಿಗೆ ಕೊಡವುವಾಗ ಆ ಮ್ಯಾನೇಜರ್ ಎಲ್ಲರಿಗೂ ಹಂಚುತ್ತಿದ್ದ ಬಣ್ಣದ ಪ್ರಚಾರದ ಹಾಳೆ ಸಿಕ್ಕಿತು. 2007ರದ್ದು, ಅವನ ತಿಂಗಳು ತಿಂಗಳ ಗಳಿಕೆ ಅಚ್ಚಾಗಿತ್ತು. ಭಾನುವಾರ ಕೂತು ಆ ಅಂಕಿಗಳನ್ನು ಎಕ್ಸೆಲ್ಲಿಗೆ ಹಾಕಿ, ಪಕ್ಕದಲ್ಲಿ ಸೊನ್ನೆಯ ಬದಲು ಬರೀ ಯೆನ್ ಸಾಲ, ಆಸ್ಟ್ರೇಲಿಯಾ ಠೇವಣಿಯ ಗಳಿಕೆ ಇಟ್ಟೆ. ಎರಡು ಗೆರೆ ಒಂದರ ಮೇಲೊಂದು ಕೂತವು, ಅವನದು ಒಂದು ಎಳೆ ಕೆಳಗೆ. ಆ ಒಂದು ಎಳೆ ಯಾವುದರದು ಅಂತ ಹಾಳೆ ತಿರುವಿ ನೋಡಿದರೆ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಫೀಸು ಅಚ್ಚಾಗಿತ್ತು.